ದಾನದ ಎಮ್ಮೆಯ ಹಲ್ಲು ಎಣಿಸೋರು ಯಾರು? ವಿದೇಶಿ ಸರ್ಕಾರಗಳು ಕೊಟ್ಟ ಉಡುಗೊರೆಗೆ ಬೆಲೆ ಕಟ್ಟುವ ಬಗ್ಗೆ

ತೂಕದಕಲ್ಲು (ಚರ್ಚೆ ಶುರು ಮಾಡಿದವರು)

ಬೇರೆ ದೇಶದ ಸರ್ಕಾರಗಳು ಅಮೆರಿಕದ ಅಧ್ಯಕ್ಷರಿಗೆ, ಅವರ ಮನೆಯವರಿಗೆ, ಅಧಿಕಾರಿಗಳಿಗೆ ಏನೇನು ಕೊಟ್ಟವು ಅಂತ ಅಲ್ಲಿನ ವಿದೇಶಾಂಗ ಇಲಾಖೆ ಪ್ರತಿ ವರ್ಷ ಒಂದು ಪಟ್ಟಿ ಹೊರಡಿಸುತ್ತದೆ. ಕೊಟ್ಟವರು ಯಾರು, ಯಾವತ್ತು, ಅಂದಾಜು ಬೆಲೆ ಎಷ್ಟು, ಈಗ ವಸ್ತು ಎಲ್ಲಿದೆ, ಎಲ್ಲ ಇರುತ್ತದೆ. 2023ರ ಉಡುಗೊರೆಗಳ ಪಟ್ಟಿ ಬಂದಿದ್ದು 2025ರ ಜನವರಿಯಲ್ಲಿ. ಅದನ್ನು ಓದುತ್ತಾ ಕೂತವನಿಗೆ ಅರ್ಧ ರಾತ್ರಿ ಕಳೆದದ್ದೇ ಗೊತ್ತಾಗಲಿಲ್ಲ.

ನನ್ನ ತಲೆ ತಿಂದದ್ದು ಬೆಲೆಯ ಕಾಲಂ. ಭಾರತದ ಪ್ರಧಾನಿ ಮೋದಿ ಅವರು ಆಗಿನ ಅಧ್ಯಕ್ಷ ಜೋ ಬೈಡನ್ ಅವರ ಹೆಂಡತಿ ಜಿಲ್ ಬೈಡನ್‌ಗೆ ಕೊಟ್ಟ 7.5 ಕ್ಯಾರೆಟ್ ವಜ್ರಕ್ಕೆ 20,000 ಡಾಲರ್. ದುಂಡಗಿನ ಅಂಕಿ. ಉಕ್ರೇನ್ ರಾಯಭಾರಿ ಕೊಟ್ಟ ಬ್ರೋಚ್‌ಗೆ 14,063 ಡಾಲರ್. ಆ ಕೊನೆಯ 63 ಡಾಲರ್ ಎಲ್ಲಿಂದ ಬಂತು? ದಕ್ಷಿಣ ಕೊರಿಯಾದ ಆಗಿನ ಅಧ್ಯಕ್ಷರು ಬೈಡನ್‌ಗೆ ಕೊಟ್ಟ ಫೋಟೋ ಆಲ್ಬಂಗೆ 7,100 ಡಾಲರ್! ಯಾರೋ ಕೈಕುಲುಕುವ ಫೋಟೋಗಳ ಆಲ್ಬಂ ಅನ್ನು ಯಾವ ಅಂಗಡಿಯಲ್ಲಿ ಮಾರುತ್ತಾರೆ ಸ್ವಾಮಿ?

ಇದಕ್ಕೆಲ್ಲ ಬೆಲೆ ಕಟ್ಟೋದು ಯಾರು, ಹೇಗೆ? ಗೊತ್ತಿರುವವರು ಹೇಳಿ.

ನಿಂಬೆಹುಳಿ

ಇಂಟರ್ನೆಟ್‌ನಲ್ಲಿ ಹುಡುಕಿ ಬರೀತಾರೆ. ಇಷ್ಟೇ. ಚರ್ಚೆ ಮುಗೀತು.

ಕಡತಪ್ರಿಯ

ನಿಂಬೆಹುಳಿ ಅವರು ತಮಾಷೆಗೆ ಹೇಳಿದ್ದು ಅರ್ಧ ನಿಜವೇ ಇರಬಹುದು. ಆದರೆ ಕಾನೂನು ಏನು ಹೇಳುತ್ತದೆ ಅಂತ ಮೊದಲು ನೋಡೋಣ.

ಅಮೆರಿಕದ ಸಂವಿಧಾನದಲ್ಲೇ ಒಂದು ಸಾಲಿದೆ. ಸಂಸತ್ತು ಒಪ್ಪದೆ ಯಾವ ಅಧಿಕಾರಿಯೂ ಯಾವ ರಾಜನಿಂದಲೂ, ವಿದೇಶಿ ಸರ್ಕಾರದಿಂದಲೂ ಏನನ್ನೂ ತಗೊಳ್ಳುವ ಹಾಗಿಲ್ಲ. ಪ್ರತಿ ಸಲ ಸಂಸತ್ತಿಗೆ ಹೋಗೋದು ಆಗದ ಮಾತು. ಅದಕ್ಕೆ 1966ರಲ್ಲಿ ವಿದೇಶಿ ಉಡುಗೊರೆಗಳ ಕಾನೂನು ಬಂತು, 1977ರಲ್ಲಿ ಅದನ್ನು ಬಿಗಿ ಮಾಡಿದರು. ಅದರಲ್ಲಿ 'ಕನಿಷ್ಠ ಬೆಲೆ' ಅಂತ ಒಂದು ಗೆರೆ ಎಳೆದಿದ್ದಾರೆ. ಗೆರೆಯ ಕೆಳಗಿದ್ದರೆ ತಗೊಂಡವರೇ ಇಟ್ಟುಕೊಳ್ಳಬಹುದು. ಮೇಲಿದ್ದರೆ ಅದು ದೇಶದ ಆಸ್ತಿ, 60 ದಿನದೊಳಗೆ ತಮ್ಮ ಇಲಾಖೆಗೆ ಒಪ್ಪಿಸಬೇಕು. 1977ರ ಕಾನೂನಿನಲ್ಲಿ ಗೆರೆ 100 ಡಾಲರ್‌ಗೆ ಇತ್ತು. ಸಾಮಾನ್ಯ ಸೇವೆಗಳ ಆಡಳಿತ ಅಂತ ಒಂದು ಸಂಸ್ಥೆ ಇದೆ, ಅದು 3 ವರ್ಷಕ್ಕೊಮ್ಮೆ ಬೆಲೆಯೇರಿಕೆ ನೋಡಿ ಗೆರೆ ಏರಿಸುತ್ತದೆ. 2020ರಲ್ಲಿ 415 ಆಯಿತು, 2023ರಲ್ಲಿ 480.

ಕಾನೂನಿನ ಮಾತು ಹೀಗಿದೆ: ಉಡುಗೊರೆ ಸ್ವೀಕರಿಸಿದ ಹೊತ್ತಿನಲ್ಲಿ, ಅಮೆರಿಕದಲ್ಲಿ, ಚಿಲ್ಲರೆ ಅಂಗಡಿಯ ಬೆಲೆ. ಈ ಮೂರೂ ಮುಖ್ಯ. ಕೊಟ್ಟವರ ದೇಶದಲ್ಲಿ ಅಗ್ಗಕ್ಕೆ ಸಿಗುತ್ತಿತ್ತು ಅನ್ನೋದು ನಡೆಯಲ್ಲ. ಹತ್ತು ವರ್ಷದ ಮೇಲೆ ಬೆಲೆ ಬಿತ್ತು ಅನ್ನೋದೂ ನಡೆಯಲ್ಲ.

ತೂಕದಕಲ್ಲು

ಸರಿ, ಗೆರೆ ಗೊತ್ತಾಯಿತು. ಗೆರೆಯ ಮೇಲೋ ಕೆಳಗೋ ಅಂತ ಹೇಳೋದು ಯಾರು? ತಗೊಂಡವರೇನಾ?

ಕಡತಪ್ರಿಯ

ಅವರು ಕೆಲಸ ಮಾಡುವ ಇಲಾಖೆ. ಇಲಾಖೆ ಒಂದು ಬೆಲೆ ಹೇಳಿ, ತಗೊಂಡವರು 'ಅಷ್ಟೆಲ್ಲ ಇಲ್ಲ' ಅಂತ ತಕರಾರು ತೆಗೆದರೆ ಹೊರಗಿನ ಪರಿಣತರಿಂದ ಬೆಲೆ ಕಟ್ಟಿಸಬೇಕು, ಖರ್ಚು ಇಲಾಖೆಯದ್ದು. ವಸ್ತುವನ್ನು ತಾನೇ ದುಡ್ಡು ಕೊಟ್ಟು ಕೊಂಡುಕೊಳ್ಳುತ್ತೇನೆ ಅಂದರೂ ಪರಿಣತರು ಕಟ್ಟಿದ ಬೆಲೆಯೇ ಕೊಡಬೇಕು. ವಿದೇಶಾಂಗ ಕಾರ್ಯದರ್ಶಿ ಆಗಿದ್ದ ಹಿಲರಿ ಕ್ಲಿಂಟನ್ ಹಾಗೆ ಕೊಂಡಿದ್ದಾರೆ. ಮ್ಯಾನ್ಮಾರ್‌ನ ಆಂಗ್ ಸಾನ್ ಸೂ ಕಿ ಕೊಟ್ಟಿದ್ದ ಕಪ್ಪು ಮುತ್ತಿನ ಸರ, 970 ಡಾಲರ್.

ಗುಬ್ಬಚ್ಚಿ

ತನಗೆ ಬಂದ ಉಡುಗೊರೆಯನ್ನು ತಾನೇ ದುಡ್ಡು ಕೊಟ್ಟು ಕೊಳ್ಳೋದು! ಪಾಪ 😄

ಒರೆಗಲ್ಲು

ಒಡವೆ ಬೆಲೆ ಕಟ್ಟೋದು ನನ್ನ ಹೊಟ್ಟೆಪಾಡು. ಇಪ್ಪತ್ತು ವರ್ಷ ಆಯಿತು. ಸರ್ಕಾರಕ್ಕೆ ಮಾಡಿಲ್ಲ, ವಿಮೆಗೆ, ಪಾಲು ಹಂಚಿಕೆಗೆ, ಕೋರ್ಟಿಗೆ ಮಾಡಿದ್ದೇನೆ. ಮೂಲ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ.

ಜನ 'ಬೆಲೆ' ಅಂದರೆ ಒಂದೇ ಅಂದುಕೊಳ್ಳುತ್ತಾರೆ. ಒಂದೇ ಉಂಗುರಕ್ಕೆ ನಾನು ಮೂರು ಕಾಗದ ಕೊಡಬಲ್ಲೆ, ಮೂರರಲ್ಲೂ ಸುಳ್ಳಿಲ್ಲ. ಕಳೆದುಹೋದರೆ ಅಂಥದ್ದೇ ಇನ್ನೊಂದು ಮಾಡಿಸಲು ಎಷ್ಟು, ಅದು ವಿಮೆಯ ಬೆಲೆ. ಅಂಗಡಿಯಲ್ಲಿ ಇವತ್ತು ಎಷ್ಟಕ್ಕೆ ಮಾರುತ್ತಾರೆ, ಅದು ಚಿಲ್ಲರೆ ಬೆಲೆ. ನೀವೇ ತಗೊಂಡು ಹೋಗಿ ಮಾರಿದರೆ ಕೈಗೆ ಎಷ್ಟು ಬರುತ್ತದೆ, ಅದು ಮೂರನೆಯದ್ದು. ಮೊದಲನೆಯದಕ್ಕೂ ಕೊನೆಯದಕ್ಕೂ ಅರ್ಧಕ್ಕಿಂತ ಜಾಸ್ತಿ ಅಂತರ ಇರೋದೂ ಉಂಟು. ಹಾಗಾಗಿ ಕೆಲಸ ಬಂದ ಕೂಡಲೇ ನಾನು ಕೇಳೋದು ಒಂದೇ ಮಾತು. ಯಾಕೆ ಬೇಕು ಬೆಲೆ? ಅದು ಗೊತ್ತಾಗದೆ ಲೂಪ್ (ಕಲ್ಲು ನೋಡುವ ಪುಟ್ಟ ಭೂತಗನ್ನಡಿ) ಕೈಗೆ ತಗೊಳ್ಳಲ್ಲ.

ಇನ್ನು ಆ 14,063. ನನ್ನ ಊಹೆ ಇಷ್ಟೇ. ಕೊನೆಗೆ ಬಿಡಿ ಅಂಕಿ ಬಂದರೆ ಎಲ್ಲೋ ಒಂದು ನಿಜವಾದ ಬೆಲೆಚೀಟಿ ಸಿಕ್ಕಿದೆ ಅಂತ. ತಯಾರಕರ ಪಟ್ಟಿಯಲ್ಲಿ ಇದ್ದಿರಬಹುದು, ಬೇರೆ ಹಣದಲ್ಲಿದ್ದ ಬೆಲೆಯನ್ನು ಡಾಲರ್‌ಗೆ ತಿರುಗಿಸಿರಬಹುದು. 20,000 ಅಂತ ದುಂಡಗೆ ಬಂದರೆ ಯಾರೋ ಒಬ್ಬರು ವಸ್ತು ನೋಡಿ, ತಲೆ ಕೆರೆದುಕೊಂಡು ಹೇಳಿದ್ದು. ನನಗೆ ಎರಡನೆಯವರ ಮೇಲೇ ಜಾಸ್ತಿ ನಂಬಿಕೆ. ಬಿಡಿ ಅಂಕಿ ನೋಡೋಕೆ ನಿಖರ, ಅಷ್ಟೇ.

ನಿಂಬೆಹುಳಿ

7.5 ಕ್ಯಾರೆಟ್ ವಜ್ರ 20,000ಕ್ಕಾ? ನನಗೂ ಎರಡು ಕೊಡಿಸಿ. ಯಾರೋ ಕೈಚಳಕ ತೋರಿಸಿದ್ದಾರೆ.

ಒರೆಗಲ್ಲು

ಕೈಚಳಕ ಏನಿಲ್ಲ. ಅದು ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ. ಕೊಟ್ಟಾಗಲೇ ಭಾರತ ಸರ್ಕಾರ ಹಾಗಂತ ಹೇಳಿಯೇ ಕೊಟ್ಟಿದೆ, ಹಸಿರು ಇಂಧನದಿಂದ ಮಾಡಿದ್ದು ಅಂತ. ಅದೇ ತೂಕದ, ಅದೇ ಹೊಳಪಿನ ಗಣಿಯ ಕಲ್ಲಾಗಿದ್ದರೆ ಬೆಲೆ ಎಷ್ಟೋ ಪಟ್ಟು ಜಾಸ್ತಿ.

ತಮಾಷೆ ಏನು ಗೊತ್ತಾ? ಅಂಗಡಿಗಳಲ್ಲಿ ಪೆನ್ನಿನ ಹಾಗೆ ಇರುವ ಒಂದು ಯಂತ್ರ ಇಟ್ಟಿರುತ್ತಾರೆ, ಕಲ್ಲಿಗೆ ಮುಟ್ಟಿಸಿದರೆ ಕುಯ್ ಅಂತ ಕೂಗುತ್ತದೆ. ಅದು ಶಾಖ ಎಷ್ಟು ಬೇಗ ಹರಿಯುತ್ತದೆ ಅಂತ ನೋಡೋದು. ಬೆಳೆಸಿದ ವಜ್ರವೂ ವಜ್ರವೇ ಆದ್ದರಿಂದ ಅದಕ್ಕೂ ಕೂಗುತ್ತದೆ. ಬರಿಗಣ್ಣಿಗೆ, ಲೂಪಿಗೆ ಸಾಮಾನ್ಯವಾಗಿ ವ್ಯತ್ಯಾಸ ಸಿಗಲ್ಲ. ದೊಡ್ಡ ಯಂತ್ರ ಬೇಕು. ಇಲ್ಲದಿದ್ದರೆ ಕಲ್ಲಿನ ಸೊಂಟದ (ಅತಿ ಅಗಲವಾದ ಅಂಚಿನ) ಸುತ್ತ ಲೇಸರ್‌ನಲ್ಲಿ ಕೊರೆದ ನಂಬರ್ ಹುಡುಕಿ, ಪ್ರಮಾಣಪತ್ರದ ಜೊತೆ ತಾಳೆ ನೋಡಬೇಕು. ಒಮ್ಮೆ ಒಬ್ಬರು ನನ್ನ ಹತ್ತಿರ 'ಅತ್ತೆ ಕೊಟ್ಟದ್ದು, ಗಣಿಯದ್ದೇ' ಅಂತ ಒಂದು ಕಲ್ಲು ತಂದರು. ಹತ್ತು ಪಟ್ಟು ದೊಡ್ಡದು ಮಾಡುವ ಲೂಪಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದರೆ ಸೊಂಟದ ಮೇಲೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರ. ಓದಿ ಹೇಳಿದೆ. ಅವರು ಎರಡು ನಿಮಿಷ ಮಾತೇ ಆಡಲಿಲ್ಲ. ಆಮೇಲೆ 'ಅತ್ತೆಗೆ ಹೇಳಬೇಡಿ' ಅಂದರು. ಅವರ ಅತ್ತೆ ನನಗೆ ಗೊತ್ತೇ ಇಲ್ಲ!

ಗುಬ್ಬಚ್ಚಿ

😂😂 ಹಾಗಾದರೆ ಬೆಳೆಸಿದ ವಜ್ರಗಳ ಬೆಲೆ ವರ್ಷದಿಂದ ವರ್ಷಕ್ಕೆ ಬೀಳ್ತಾ ಇದೆಯಲ್ಲ, ಆ 20,000 ಈಗ ಎಷ್ಟಾಗಿರಬಹುದು?

ಕಡತಪ್ರಿಯ

ಎಷ್ಟಾದರೂ ಆಗಲಿ, ಲೆಕ್ಕಕ್ಕೆ 20,000ವೇ. 'ಸ್ವೀಕರಿಸಿದ ಹೊತ್ತಿನಲ್ಲಿ' ಅಂತ ಮೇಲೆ ಬರೆದೆನಲ್ಲ.

ಲೆಕ್ಕದಮಾಮ

ಆಲ್ಬಂ ವಿಷಯಕ್ಕೆ ಬರೋಣ. ನಾನು ಲೆಕ್ಕ ತಪಾಸಣೆಯಲ್ಲಿದ್ದು ನಿವೃತ್ತಿ ಆದವನು. ಬೆಲೆ ಕಟ್ಟುವ ದಾರಿ ಎರಡೇ. ಅಂಥದ್ದೇ ವಸ್ತು ಬೇರೆ ಕಡೆ ಮಾರಾಟ ಆಗಿದ್ದರೆ ಅದನ್ನು ಹಿಡಿದು ಹೇಳೋದು. ಅಂಥದ್ದು ಪ್ರಪಂಚದಲ್ಲೇ ಇನ್ನೊಂದು ಇಲ್ಲ ಅಂದಾಗ ಮಾಡಿಸೋಕೆ ಎಷ್ಟು ಖರ್ಚು ಅಂತ ಹೇಳೋದು. ಚರ್ಮದ ಕಟ್ಟು, ಕೈಕೆಲಸ, ಪೆಟ್ಟಿಗೆ, ಕೂಲಿ ಎಲ್ಲ ಸೇರಿಸಿ 7,100 ಅಂದಿರಬೇಕು. ಒಳಗಿರುವ ಫೋಟೋಗಳಿಗೆ ಬೆಲೆ ಇಲ್ಲ. ಇದ್ದರೂ ಬರೆಯೋಕೆ ಕಾಲಂ ಇಲ್ಲ.

ಒಂದು ವಿಷಯ ಯಾರೂ ಹೇಳಲಿಲ್ಲ. ಆ ಪಟ್ಟಿಯಲ್ಲಿ 'ಯಾಕೆ ಸ್ವೀಕರಿಸಿದಿರಿ' ಅಂತಲೂ ಒಂದು ಕಾಲಂ ಇದೆ. 'ಸ್ವೀಕರಿಸದಿದ್ದರೆ ಕೊಟ್ಟವರಿಗೂ ಅಮೆರಿಕ ಸರ್ಕಾರಕ್ಕೂ ಮುಜುಗರ ಆಗುತ್ತಿತ್ತು.' ಸಾಲು ಸಾಲಿಗೂ ಇದೇ ವಾಕ್ಯ. ನಮ್ಮ ಕಡತಗಳಲ್ಲಿ 'ಮೇಲಧಿಕಾರಿಗಳ ಮೌಖಿಕ ಆದೇಶದಂತೆ' ಅಂತ ಬರೆಯುತ್ತಿದ್ದ ಹಾಗೆ. ಓದಿ ನಗು ಬಂತು.

ಮೂಲೆಮಾತು

ಇದೆಲ್ಲ ಯಾಕೆ? ತಗೊಳ್ಳಲೇಬೇಡಿ ಅಂದರೆ ಮುಗೀತಲ್ಲ.

ಹಳೆಪೇಪರ್

ಆಗಲ್ಲ ಮೂಲೆಮಾತು. ಅದನ್ನೂ ಮಾಡಿ ನೋಡಿದ್ದಾರೆ. 1839–40ರ ಸುಮಾರಿಗೆ ಮೊರಾಕ್ಕೋದ ಸುಲ್ತಾನರು ಅಮೆರಿಕದ ಅಧ್ಯಕ್ಷರಿಗೆ ಅಂತ ಒಂದು ಜೋಡಿ ಸಿಂಹ ಕೊಟ್ಟರು. ಟ್ಯಾಂಜಿಯರ್‌ನಲ್ಲಿದ್ದ ಅಮೆರಿಕದ ಪ್ರತಿನಿಧಿ 'ನಮ್ಮ ಕಾನೂನು ಒಪ್ಪಲ್ಲ' ಅಂತ ಬೇಡಿಕೊಂಡರೂ ಕೇಳಲಿಲ್ಲ. ಸಿಂಹಗಳನ್ನು ಕಚೇರಿಯಲ್ಲೇ ಸಾಕಬೇಕಾಯಿತು. ಅದೇ ಹೊತ್ತಿಗೆ ಮಸ್ಕತ್‌ನಿಂದ ಅರಬ್ಬೀ ಕುದುರೆಗಳೂ ಬಂದವು. ಕೊನೆಗೆ ಸಂಸತ್ತು ಮಾರಿಬಿಡಿ ಅಂದಿತು, ದುಡ್ಡು ಖಜಾನೆಗೆ ಹೋಯಿತು. ಆಗ ಬೆಲೆ ಕಟ್ಟುವ ತಲೆನೋವೇ ಇರಲಿಲ್ಲ ನೋಡಿ. ಹರಾಜಿನಲ್ಲಿ ಯಾರು ಎಷ್ಟು ಕೂಗಿದರೋ ಅದೇ ಬೆಲೆ.

ಅದಕ್ಕೂ ಮುಂಚೆ 1785ರಲ್ಲಿ ಫ್ರಾನ್ಸ್‌ನ ರಾಜ 16ನೇ ಲೂಯಿ, ಅಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್‌ಗೆ ತನ್ನ ಚಿತ್ರ ಕೊಟ್ಟ. ಚಿತ್ರದ ಸುತ್ತ 408 ವಜ್ರ. ಸಂಸತ್ತು ಇಟ್ಟುಕೊಳ್ಳಿ ಅಂದಿತು. ಫ್ರಾಂಕ್ಲಿನ್ ಅದನ್ನು ಮಗಳಿಗೆ ಬಿಟ್ಟುಹೋದರು, ವಜ್ರ ಕಿತ್ತು ಒಡವೆ ಮಾಡಿಸಿಕೊಳ್ಳಬೇಡ ಅಂತ ಹೇಳಿ. ಮಗಳು ಒಡವೆ ಮಾಡಿಸಲಿಲ್ಲ. ಮಾತು ಮೀರಲಿಲ್ಲ. ಕಿತ್ತು ಮಾರಿದಳು.

ಗುಬ್ಬಚ್ಚಿ

ಜಾಣೆ.

ಸುಮ್ನೆಕೂತವ

ಪ್ರಾಣಿ ಅಂದಾಗ ನೆನಪಾಯಿತು. 2013ರಲ್ಲಿ ಮಾಲಿ ದೇಶದವರು ಫ್ರಾನ್ಸ್ ಅಧ್ಯಕ್ಷ ಒಲಾಂದ್‌ಗೆ ಒಂಟೆ ಮರಿ ಕೊಟ್ಟರು. ಕರೆದುಕೊಂಡು ಹೋಗೋಕೆ ಆಗಲಿಲ್ಲ, ಟಿಂಬಕ್ಟುವಿನ ಒಂದು ಮನೆಯಲ್ಲಿ ಬಿಟ್ಟು ಹೋದರು. ಆ ಮನೆಯವರು ಅದನ್ನು ಅಡುಗೆ ಮಾಡಿ ತಿಂದರು! ಈಗ ಹೇಳಿ, ಬೆಲೆ ಕಾಲಂನಲ್ಲಿ ಏನು ಬರೆಯೋದು?

ಲೆಕ್ಕದಮಾಮ

'ಬಳಸಿ ಮುಗಿದ ವಸ್ತು' ಅಂತ ಬರೆದು ಸಹಿ ಹಾಕೋದು.

ಬೀಗದಕೈ

ನಾನು ಒಂದು ಸರ್ಕಾರಿ ಕಚೇರಿಯ ಉಗ್ರಾಣ ನೋಡಿಕೊಂಡವನು. ಯಾವ ಕಚೇರಿ ಅಂತ ಕೇಳಬೇಡಿ. ನಮ್ಮಲ್ಲೂ ಆಗಾಗ ಹೊರದೇಶದ ನಿಯೋಗ ಬಂದು ಏನಾದರೂ ಕೊಟ್ಟು ಹೋಗುತ್ತಿತ್ತು. ಒಮ್ಮೆ ಒಂದು ಹಿತ್ತಾಳೆ ತಟ್ಟೆ ಬಂತು. ಭಾರ ಇತ್ತು, ಅಂಚಿನಲ್ಲಿ ನೀಲಿ ಎನಾಮಲ್ ಕೆಲಸ, ಹಿಂದೆ ಓದೋಕೆ ಬಾರದ ಲಿಪಿಯಲ್ಲಿ ಎರಡು ಸಾಲು. ದಾಸ್ತಾನು ಪುಸ್ತಕದಲ್ಲಿ ಬೆಲೆ ಬರೆಯದೆ ಮುಂದಿನ ಸಾಲಿಗೆ ಹೋಗೋ ಹಾಗಿಲ್ಲ. ಮೇಲಿನವರನ್ನು ಕೇಳಿದೆ. 'ಒಂದು ಅಂತ ಹಾಕಿ' ಅಂದರು. ಒಂದು ಸಾವಿರವಾ ಸಾರ್? 'ಬರೀ ಒಂದು.'

ಹಾಕಿದೆ. ತಟ್ಟೆಯ ಹಿಂದೆ ಸೀಮೆಸುಣ್ಣದಲ್ಲಿ ದಾಸ್ತಾನು ನಂಬರ್ ಬರೆದು ಬೀರುವಿನಲ್ಲಿಟ್ಟೆ. ಮೂರು ವರ್ಷದ ಮೇಲೆ ತಪಾಸಣೆಗೆ ಬಂದರು. ತಟ್ಟೆ ಇಲ್ಲ. ಬೀರುವಿನ ಬೀಗ ಇದ್ದ ಹಾಗೇ ಇದೆ. ನಷ್ಟ ವಸೂಲಿ ಮಾಡಿ ಅಂತ ಕೆಂಪು ಶಾಯಿಯಲ್ಲಿ ಬರೆದರು. ಎಷ್ಟು ವಸೂಲಿ? ಪುಸ್ತಕದ ಬೆಲೆಯಷ್ಟು. ಒಂದು! ಅದಕ್ಕೂ ನನಗೆ ರಸೀದಿ ಕೊಟ್ಟರು, ಇನ್ನೂ ಇಟ್ಟುಕೊಂಡಿದ್ದೇನೆ.

ತಟ್ಟೆ ಯಾರ ಮನೆಯ ಗೋಡೆ ಮೇಲಿದೆಯೋ.

ತೂಕದಕಲ್ಲು

ಬೀಗದಕೈ ಅವರೇ, ಇದು ನನ್ನ ಪ್ರಶ್ನೆಗೆ ಬಂದ ಅತ್ಯುತ್ತಮ ಉತ್ತರ. ಬೆಲೆ ಕಡಿಮೆ ಬರೆದರೆ ಕಳ್ಳನಿಗೂ ಅನುಕೂಲ.

ಲೆಕ್ಕದಮಾಮ

ಕಳ್ಳತನಕ್ಕೆ ಹೋಲಿಸಬೇಡಿ. ಬೆಲೆ ಗೊತ್ತಿಲ್ಲದ ಪಾರಂಪರಿಕ ವಸ್ತುಗಳಿಗೆ ಒಂದು ಅಂತ ಬರೆಯೋದು ಲೆಕ್ಕಪತ್ರದಲ್ಲಿ ಹಳೆಯ ಪದ್ಧತಿ. ಪುಸ್ತಕದಲ್ಲಿ ಹೆಸರು ಇರಲಿ, ಮೊತ್ತ ಏರುಪೇರು ಆಗದಿರಲಿ ಅಂತ. ತಪ್ಪು ಆದದ್ದು ಫೋಟೋ ತೆಗೆದು ಅಂಟಿಸದೇ ಇದ್ದದ್ದು.

ಬೀಗದಕೈ

ಆಗ ಕ್ಯಾಮೆರಾ ಯಾರ ಹತ್ತಿರ ಇತ್ತು ಮಾಮ?

ಕಡತಪ್ರಿಯ

ಕಳೆದುಹೋಗೋದು ದೊಡ್ಡವರಲ್ಲೂ ಇದೆ. 2019ರಲ್ಲಿ ಜಪಾನ್ ಸರ್ಕಾರ ಅಮೆರಿಕದ ಆಗಿನ ವಿದೇಶಾಂಗ ಕಾರ್ಯದರ್ಶಿ ಪಾಂಪಿಯೊಗೆ ಅಂತ ಕೊಟ್ಟ ವಿಸ್ಕಿ ಬಾಟಲಿ, ಪಟ್ಟಿಯಲ್ಲಿ 5,800 ಡಾಲರ್. ಬಾಟಲಿ ಎಲ್ಲಿ ಅಂತ ಇಲಾಖೆಯೇ ತನಿಖೆ ಮಾಡಿತು. ತನ್ನ ಕೈಗೆ ಬರಲೇ ಇಲ್ಲ ಅಂತ ಅವರು ಹೇಳಿದರು. ಬೆಲೆ ಇದೆ, ವಸ್ತು ಇಲ್ಲ.

ನಿಂಬೆಹುಳಿ

'ಬಳಸಿ ಮುಗಿದ ವಸ್ತು.'

ಹಳೆಪೇಪರ್

😂 ಇದಕ್ಕಿಂತ ಮಜಾ ಇರೋದು ತುಪ್ಪಳದ ನಿಲುವಂಗಿ ಕಥೆ. 2017ರಲ್ಲಿ ಟ್ರಂಪ್ ರಿಯಾದ್‌ಗೆ ಹೋದಾಗ ಸೌದಿಯವರು ಬಿಳಿ ಹುಲಿ, ಚೀತಾ ತುಪ್ಪಳದ ನಿಲುವಂಗಿಗಳನ್ನು ಕೊಟ್ಟರು. ಅಳಿವಿನಂಚಿನ ಪ್ರಾಣಿಗಳದ್ದಾದರೆ ಇಟ್ಟುಕೊಳ್ಳೋದೇ ಕಾನೂನಿನ ತೊಡಕು. ವರ್ಷಗಟ್ಟಲೆ ಆಮೇಲೆ ವನ್ಯಜೀವಿ ಇಲಾಖೆಯವರು ಪರೀಕ್ಷೆ ಮಾಡಿದರೆ ಹುಲಿಯೂ ಇಲ್ಲ, ಚೀತಾವೂ ಇಲ್ಲ. ಬಣ್ಣ ಹಾಕಿ ಪಟ್ಟೆ, ಚುಕ್ಕೆ ಬರಿಸಿದ್ದು! ಇದು ಹೊರಗೆ ಬಂದಿದ್ದು 2021ರಲ್ಲಿ.

ಚುಕ್ಕಿಚಂದ್ರ

ನಕಲಿಗೆ ಇನ್ನೂ ಚೆನ್ನಾದ ಉದಾಹರಣೆ ನನ್ನ ಹತ್ತಿರ ಇದೆ. 1969ರಲ್ಲಿ ಚಂದ್ರನಲ್ಲಿಗೆ ಹೋಗಿಬಂದ ಅಪೊಲೊ 11ರ ಗಗನಯಾತ್ರಿಗಳು ನೆದರ್‌ಲೆಂಡ್ಸ್‌ಗೆ ಬಂದಾಗ ಅಮೆರಿಕದ ರಾಯಭಾರಿ ಅಲ್ಲಿನ ಮಾಜಿ ಪ್ರಧಾನಿ ವಿಲ್ಲೆಮ್ ಡ್ರೇಸ್ ಅವರಿಗೆ ಒಂದು ಕಲ್ಲು ಕೊಟ್ಟರು. ಅವರು ತೀರಿಕೊಂಡ ಮೇಲೆ ಅದು ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂ ಸೇರಿತು. ಚಂದ್ರನ ಕಲ್ಲು ಅಂತ ಒಂದು ಕಾಲದಲ್ಲಿ ಸುಮಾರು 5 ಲಕ್ಷ ಡಾಲರ್‌ಗೆ ವಿಮೆ ಮಾಡಿಸಿದ್ದರಂತೆ. 2009ರಲ್ಲಿ ಪರೀಕ್ಷೆ ಮಾಡಿದರೆ ಅದು ಕಲ್ಲಾಗಿ ಗಟ್ಟಿಯಾದ ಮರದ ತುಂಡು! 50 ಯೂರೋ ಕೂಡ ಬಾಳಲ್ಲ ಅಂದರು ಭೂವಿಜ್ಞಾನಿಗಳು.

ನಿಜವಾದ ಚಂದ್ರನ ಕಲ್ಲಿಗೂ ಬೆಲೆ ಕಟ್ಟೋದು ಸುಲಭ ಅಲ್ಲ. ಅಮೆರಿಕದ ಅಧ್ಯಕ್ಷ ನಿಕ್ಸನ್ ಕಾಲದಲ್ಲಿ 135 ದೇಶಗಳಿಗೆ ಅಪೊಲೊ ಕಲ್ಲಿನ ಚೂರು ಹಂಚಿದರು. ಮಾರೋ ಹಾಗಿಲ್ಲ, ಆದ್ದರಿಂದ ಮಾರುಕಟ್ಟೆಯೇ ಇಲ್ಲ. ಹೋಲಿಸೋಕೆ ಸಿಕ್ಕಿದ್ದು ಸೋವಿಯತ್ ಒಕ್ಕೂಟದ ಲೂನಾ 16 ನೌಕೆ ತಂದ ಮೂರು ಪುಟ್ಟ ಚೂರು, ಎಲ್ಲ ಸೇರಿ ಸುಮಾರು 0.2 ಗ್ರಾಂ. 1993ರಲ್ಲಿ ಹರಾಜಿಗೆ ಬಂದಾಗ 4,42,500 ಡಾಲರ್‌ಗೆ ಹೋಯಿತು. ಹೊಂಡುರಾಸ್‌ಗೆ ಕೊಟ್ಟ ಕಲ್ಲು ಕಳುವಾಗಿ 1998ರಲ್ಲಿ ಅಮೆರಿಕದಲ್ಲೇ ಮಾರಾಟಕ್ಕೆ ಬಂತು, 50 ಲಕ್ಷ ಡಾಲರ್ ಕೇಳುತ್ತಿದ್ದರು. ಕೊಳ್ಳೋಕೆ ಬಂದವರು ವೇಷ ಮರೆಸಿದ ಸರ್ಕಾರಿ ತನಿಖಾಧಿಕಾರಿಗಳು!

ಮೂಲೆಮಾತು

ಈಗ ಯಾರಾದರೂ ಕೊಹಿನೂರ್ ಅಂತ ಬರೀತಾರೆ ನೋಡಿ. ಮೂರು, ಎರಡು, ಒಂದು...

ನಿಂಬೆಹುಳಿ

ಕೊಹಿನೂರ್ ಉಡುಗೊರೆ ಅಂತ ಸರ್ಕಾರವೇ ಕೋರ್ಟಿನಲ್ಲಿ ಹೇಳಿತ್ತಲ್ಲ?

ಹಳೆಪೇಪರ್

2016ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸರ್ಕಾರದ ವಕೀಲರು 'ಕದ್ದದ್ದೂ ಅಲ್ಲ, ಬಲವಂತದಿಂದ ಒಯ್ದದ್ದೂ ಅಲ್ಲ' ಅಂದರು. ಮರುದಿನವೇ ಸಂಸ್ಕೃತಿ ಸಚಿವಾಲಯ 'ಅದು ಸರ್ಕಾರದ ಅಂತಿಮ ನಿಲುವಲ್ಲ' ಅಂದಿತು. ಪಂಜಾಬಿನ ಹತ್ತು ವರ್ಷದ ಮಹಾರಾಜನಿಂದ ಬ್ರಿಟಿಷರು ಒಪ್ಪಂದ ಬರೆಸಿಕೊಂಡು ತಗೊಂಡು ಹೋದದ್ದನ್ನು ಉಡುಗೊರೆ ಅಂತೀರಾ?

ನಿರ್ವಾಹಕ

ಕೊಹಿನೂರ್‌ಗೆ ಬೇರೆ ಚರ್ಚೆ ಇದೆ, 300ಕ್ಕೂ ಹೆಚ್ಚು ಉತ್ತರಗಳಿವೆ. ದಯವಿಟ್ಟು ಅಲ್ಲಿ ಜಗಳ ಆಡಿ.

ಕಡತಪ್ರಿಯ

ಬೆಲೆ ಕಟ್ಟೋದು ಯಾಕೆ ಅಷ್ಟು ಸೂಕ್ಷ್ಮ ಅಂತ ತಿಳೀಬೇಕಾದರೆ ಪಾಕಿಸ್ತಾನದ ತೋಶಾಖಾನಾ (ಸರ್ಕಾರಿ ಉಡುಗೊರೆಗಳ ಭಂಡಾರ) ನೋಡಿ. 1974ರಿಂದ ಇದೆ. ಬಂದ ಉಡುಗೊರೆ ಅಲ್ಲಿಗೆ ಒಪ್ಪಿಸಬೇಕು. ಆಮೇಲೆ ಕಟ್ಟಿದ ಬೆಲೆಯ ಒಂದು ಪಾಲು ಕೊಟ್ಟು ತಗೊಂಡವರೇ ವಾಪಸ್ ಕೊಳ್ಳಬಹುದಿತ್ತು. 2018ರಲ್ಲಿ ಇಮ್ರಾನ್ ಖಾನ್‌ಗೆ ಬಂದ ಗ್ರಾಫ್ ಕಂಪನಿಯ ಕೈಗಡಿಯಾರ, ಪೆನ್ನು, ಉಂಗುರ, ಕಫ್‌ಲಿಂಕ್ ಎಲ್ಲ ಸೇರಿ ಕಟ್ಟಿದ ಬೆಲೆ ಅಲ್ಲಿನ ರೂಪಾಯಿಯಲ್ಲಿ ಸುಮಾರು 10 ಕೋಟಿ. ಅದರ ಶೇಕಡಾ 20, ಅಂದರೆ 2 ಕೋಟಿ ಚಿಲ್ಲರೆ ಕಟ್ಟಿ ಇಟ್ಟುಕೊಂಡರು. ಆಮೇಲೆ ಆ ಪಾಲನ್ನು ಶೇಕಡಾ 50ಕ್ಕೆ ಏರಿಸಿದರು. ಇಮ್ರಾನ್ ಇಟ್ಟುಕೊಂಡ ಉಡುಗೊರೆಗಳ ಮೇಲೆ ಮುಂದೆ ದೊಡ್ಡ ಮೊಕದ್ದಮೆಗಳೇ ಆದವು. 2023ರ ಮಾರ್ಚ್‌ನಲ್ಲಿ ಸರ್ಕಾರ 2002ರಿಂದ ಯಾರ್ಯಾರು ಏನೇನು ತಗೊಂಡರು ಅಂತ 446 ಪುಟದ ದಾಖಲೆಯನ್ನೇ ಹೊರಗೆ ಬಿಟ್ಟಿತು. ಎಲ್ಲ ಪಕ್ಷದವರ ಹೆಸರೂ ಇತ್ತು.

ಗಮನಿಸಿ, ಕೊಳ್ಳುವವನು ಅಧಿಕಾರದಲ್ಲಿದ್ದಾನೆ, ಬೆಲೆ ಕಟ್ಟುವವನು ಅವನ ಕೈಕೆಳಗಿದ್ದಾನೆ. ಇಂಥ ಕಡೆ ಲೂಪ್ ಎಷ್ಟು ಒಳ್ಳೆಯದಿದ್ದರೇನು?

ಒರೆಗಲ್ಲು

ಇದು ನೂರಕ್ಕೆ ನೂರು ನಿಜ. ಜೊತೆಗೆ ಸೆಟ್ಟಿನ ವಿಷಯವೂ ಇದೆ. ಹಾರ, ಓಲೆ, ಬಳೆ, ಉಂಗುರ ಒಂದೇ ಪೆಟ್ಟಿಗೆಯಲ್ಲಿ ಬಂದರೆ ಅದರ ಬೆಲೆ ಬಿಡಿಬಿಡಿಯಾಗಿ ಕೂಡಿಸಿದ್ದಕ್ಕಿಂತ ಜಾಸ್ತಿ. ಬೆಲೆ ಇಳಿಸಬೇಕಾದರೆ ಕಲ್ಲಿನ ಗುಣ ಕಡಿಮೆ ಅಂತ ಸುಳ್ಳು ಬರೆಯಬೇಕಾಗಿಲ್ಲ. ಬಿಡಿ ಬಿಡಿ ಅಂತ ಬರೆದು, ಚಿನ್ನವನ್ನು ತೂಕಕ್ಕೆ ಹಾಕಿ, ತಯಾರಕರ ಹೆಸರು ಬಿಟ್ಟರೆ ಸಾಕು. ದೊಡ್ಡ ಹೆಸರಿನ ಒಡವೆಯಲ್ಲಿ ಬೆಲೆಯ ಬಹುಪಾಲು ಇರೋದು ಆ ಹೆಸರಿನಲ್ಲೇ.

ಗುಬ್ಬಚ್ಚಿ

ಭಾರತದಲ್ಲಿ ಹೇಗೆ? ಇಲ್ಲೂ ತೋಶಾಖಾನಾ ಅಂತಲೇ ಅಲ್ವಾ?

ಲೆಕ್ಕದಮಾಮ

ಹೌದಮ್ಮಾ. ವಿದೇಶಾಂಗ ಸಚಿವಾಲಯದಲ್ಲಿದೆ. ಪ್ರವಾಸದಿಂದ ಬಂದ 30 ದಿನದೊಳಗೆ ಒಪ್ಪಿಸಬೇಕು. ಗೆರೆ 5,000 ರೂಪಾಯಿ. ಅದಕ್ಕಿಂತ ಜಾಸ್ತಿ ಬೆಲೆಯದ್ದು ಬೇಕೆಂದರೆ ವ್ಯತ್ಯಾಸದ ದುಡ್ಡು ಕಟ್ಟಿ ಇಟ್ಟುಕೊಳ್ಳಬಹುದು. ಪಟ್ಟಿಯನ್ನು ಸಚಿವಾಲಯ ಪ್ರಕಟಿಸುತ್ತದೆ.

ಸುಮ್ನೆಕೂತವ

ಪ್ರಧಾನಿ ಉಡುಗೊರೆಗಳ ಹರಾಜು ಆಗುತ್ತಲ್ಲ, ಇದೇನಾ?

ಲೆಕ್ಕದಮಾಮ

ಅಲ್ಲ, ಎರಡನ್ನೂ ಕಲಸಬೇಡಿ. 2019ರಿಂದ ಆನ್‌ಲೈನ್ ಹರಾಜಿನಲ್ಲಿ ಬರೋದು ಹೆಚ್ಚಾಗಿ ದೇಶದೊಳಗೆ ಜನ, ಸಂಘಸಂಸ್ಥೆಗಳು ಕೊಟ್ಟ ನೆನಪಿನ ಕಾಣಿಕೆಗಳು. ದುಡ್ಡು ಗಂಗಾ ನದಿ ಯೋಜನೆಗೆ ಹೋಗುತ್ತದೆ. ನೀರಜ್ ಚೋಪ್ರಾ ಅವರ ಭರ್ಜಿಗೆ 2021ರಲ್ಲಿ 1 ಕೋಟಿ ಮೂಲ ಬೆಲೆ ಇಟ್ಟಿದ್ದರು, 1.5 ಕೋಟಿಗೆ ಹೋಯಿತು. ಬರೀ ಭರ್ಜಿ ಅಂತ ನೋಡಿದರೆ ಅಷ್ಟು ಬಾಳುತ್ತದಾ?

ತೂಕದಕಲ್ಲು

ಹ್ಞಾಂ, ಇದೇ ನನ್ನ ಮುಂದಿನ ಪ್ರಶ್ನೆ. ರಾಜ ಕೊಟ್ಟ ಗಡಿಯಾರ, ಅಂಗಡಿಯಲ್ಲಿ ಸಿಗುವ ಅದೇ ಗಡಿಯಾರ, ಎರಡಕ್ಕೂ ಒಂದೇ ಬೆಲೆನಾ?

ಒರೆಗಲ್ಲು

ಅಂಗಡಿ ಬೆಲೆ ಅಂತ ಕಾನೂನು ಹೇಳಿದರೆ ಒಂದೇ. ಹರಾಜಿಗೆ ಹೋದರೆ ಬೇರೆ ಬೇರೆ. ಹಿಂದೆ ಕೆತ್ತನೆ ಇದ್ದರೆ ಇನ್ನೂ ಗೊಂದಲ. ಸಾಮಾನ್ಯರ ಹೆಸರು ಕೆತ್ತಿದ್ದರೆ ಬೆಲೆ ಬೀಳುತ್ತದೆ, ರಾಜನ ಮುದ್ರೆ ಕೆತ್ತಿದ್ದರೆ ಏರುತ್ತದೆ.

ಕಡತಪ್ರಿಯ

ಬ್ರಿಟನ್‌ನವರು ಇದನ್ನೆಲ್ಲ ಜಾಣತನದಿಂದ ತಪ್ಪಿಸಿಕೊಂಡಿದ್ದಾರೆ. ಮಂತ್ರಿಗಳಿಗೆ ಗೆರೆ 140 ಪೌಂಡ್. ಅವರ ಪಟ್ಟಿಗಳಲ್ಲಿ ಎಷ್ಟೋ ಕಡೆ ಬೆಲೆಯ ಕಾಲಂನಲ್ಲಿ ಅಂಕಿಯೇ ಇರಲ್ಲ, 'ಮಿತಿಗಿಂತ ಹೆಚ್ಚು' ಅಂತಷ್ಟೇ. ಪಕ್ಕದಲ್ಲಿ 'ಇಲಾಖೆಯಲ್ಲಿದೆ'. ಮುಗೀತು. ಮಂತ್ರಿ ಕೊಳ್ಳಬೇಕು ಅಂದಾಗ ಮಾತ್ರ ನಿಜವಾದ ಬೆಲೆ ಬೇಕು, 140 ಕಳೆದು ಉಳಿದದ್ದು ಕಟ್ಟಬೇಕಲ್ಲ. ನನಗೆ ಇದೇ ಸರಿ ಅನ್ನಿಸುತ್ತದೆ. ಗೆರೆ ದಾಟಿತಾ ಇಲ್ವಾ ಅನ್ನೋದಷ್ಟೇ ಬೇಕಾದದ್ದು.

ತೂಕದಕಲ್ಲು

ಒಪ್ಪಲ್ಲ. 150 ಪೌಂಡಿನ ಶಾಲು, ಒಂದೂವರೆ ಲಕ್ಷ ಪೌಂಡಿನ ಹಾರ, ಎರಡಕ್ಕೂ 'ಮಿತಿಗಿಂತ ಹೆಚ್ಚು' ಅಂತ ಬರೆದರೆ ಓದುವ ಜನಕ್ಕೆ ಏನು ಗೊತ್ತಾಗುತ್ತದೆ? ಯಾರು ಯಾರಿಗೆ ಬೆಣ್ಣೆ ಹಚ್ಚುತ್ತಿದ್ದಾರೆ ಅಂತ ತಿಳಿಯೋಕೆ ಅಂಕಿ ಬೇಕೇ ಬೇಕು.

ಕಡತಪ್ರಿಯ

'ಹಾರ' ಅಂತ ಓದಿದರೆ ಗೊತ್ತಾಗಲ್ವಾ?

ತೂಕದಕಲ್ಲು

ಯಾವ ಹಾರ? ಹೂವಿನದ್ದಾ?

ನಿಂಬೆಹುಳಿ

ತೂಕದಕಲ್ಲು ಗೆದ್ದರು.

ಬೀಗದಕೈ

ಅಮೆರಿಕದ 2023ರ ಪಟ್ಟಿಯಲ್ಲಿ ನನಗೆ ಹೊಟ್ಟೆ ಉರಿದದ್ದು ಅವರ ಬೇಹುಗಾರಿಕೆ ಸಂಸ್ಥೆ ಸಿಐಎ ಪುಟ. ಗಡಿಯಾರ, ಸುಗಂಧ, ಒಡವೆ, ಬಹುತೇಕ ಎಲ್ಲದರ ಮುಂದೆ 'ನಾಶ ಮಾಡಲಾಗಿದೆ'. ನಾಶ ಮಾಡಿದ್ದರ ಮೊತ್ತ 1,32,000 ಡಾಲರ್‌ಗಿಂತ ಜಾಸ್ತಿ. 11,000 ಡಾಲರ್ ಚಿಲ್ಲರೆಯ ಒಮೆಗಾ ಗಡಿಯಾರವನ್ನೂ ಬಿಡಲಿಲ್ಲ. ಉಗ್ರಾಣದವನಿಗೆ ಇದನ್ನು ಓದೋಕೆ ಆಗಲ್ಲ ಸಾರ್.

ಹಳೆಪೇಪರ್

1945ರಲ್ಲಿ ಸೋವಿಯತ್ ಶಾಲಾಮಕ್ಕಳು ಅಮೆರಿಕದ ರಾಯಭಾರಿ ಹ್ಯಾರಿಮನ್‌ಗೆ ಮರದಲ್ಲಿ ಕೆತ್ತಿದ ಅಮೆರಿಕದ ರಾಜಮುದ್ರೆ ಕೊಟ್ಟರು. ಮಾಸ್ಕೋದ ಮನೆಯ ಗೋಡೆಗೆ ನೇತುಹಾಕಿದರು. ಒಳಗೆ ಮಾತು ಕದ್ದು ಕೇಳುವ ಯಂತ್ರ. ಬ್ಯಾಟರಿ ಇಲ್ಲ, ತಂತಿ ಇಲ್ಲ, ಹೊರಗಿನಿಂದ ರೇಡಿಯೋ ಅಲೆ ಬಿಟ್ಟರೆ ಮಾತ್ರ ಕೆಲಸ ಮಾಡೋದು. ಗೊತ್ತಾಗಿದ್ದು 1952ರಲ್ಲಿ. ಅಂಥ ಪಾಠ ಕಲಿತವರು ಗಡಿಯಾರ ಇಟ್ಟುಕೊಳ್ಳುತ್ತಾರಾ?

ಗುಬ್ಬಚ್ಚಿ

ಏಳು ವರ್ಷ ಗೋಡೆ ಮೇಲೆ! ಅದಕ್ಕೆ ಬೆಲೆ ಎಷ್ಟು ಬರೆದಿದ್ದರೋ.

ಒರೆಗಲ್ಲು

ನಾಶ ಮಾಡೋ ಮುಂಚೆಯೂ ಬೆಲೆ ಕಟ್ಟಿದ್ದಾರೆ ನೋಡಿ. ಯಾರೋ ಒಬ್ಬರು ಆ ಒಮೆಗಾವನ್ನು ಬೆಳಕಿಗೆ ಹಿಡಿದು, ಹಿಂದಿನ ನಂಬರ್ ಓದಿ, ಅಂಗಡಿ ಬೆಲೆ ಹುಡುಕಿ ಬರೆದಿದ್ದಾರೆ. ಆಮೇಲೆ ಸುತ್ತಿಗೆ.

ಬೀಗದಕೈ

ಪೆಟ್ಟಿಗೆಯನ್ನಾದರೂ ಇಟ್ಟುಕೊಂಡಿರಬಹುದು. ಒಳ್ಳೆ ಪೆಟ್ಟಿಗೆ ಯಾರೂ ಬಿಸಾಡಲ್ಲ.